ಕಿಂಗ್ ಪಿನ್ ಬಾಯಿ ಬಿಟ್ಟದ್ದು

ನಂಜನಗೂಡಿನ ರಸ್ತೆಯಲ್ಲಿ ನನ್ನ ಹೆಂಡತಿಯ ರೇಷ್ಮೆ ಸೀರೆ ಶ್ಯಾವಿಗೆ ಪಾಯಸ ಕುಡಿಯಿತು. ಇಷ್ಟು ಹೇಳಿದರೆ ನಮ್ಮ ಮನೆಯ ಮಟ್ಟಿಗೆ ಇತಿಹಾಸವನ್ನೆಲ್ಲ ಹೇಳಿದಂತೆಯೇ. ಈಗ ನಮ್ಮಲ್ಲಿ ಕಾಲಗಣನೆ ನಡೆಯುವುದೇ 'ಪಾಯಸಕ್ಕೆ ಮುಂಚೆ', 'ಪಾಯಸ ಆದಮೇಲೆ' ಎಂದು. ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದು ಯಾವಾಗ ಎಂದು ಕೇಳಿದರೂ ಪಾಯಸವನ್ನು ದಾಟಿಕೊಂಡೇ ಉತ್ತರ ಬರುತ್ತದೆ.

ನಾದಿನಿಯ ಮಗಳ ಸೀಮಂತವಿತ್ತು. ಪಾಯಸ ನಮ್ಮ ಮನೆಯಿಂದಲೇ ಹೋಗಬೇಕೆಂದು ಯಾರೂ ಕೇಳಿರಲಿಲ್ಲ. ನಮ್ಮವಳೇ ಹಟ ಹಿಡಿದು ಒಪ್ಪಿಕೊಂಡಿದ್ದಳು. ಸ್ಟೀಲಿನ ಡಬರಿಗೆ ತಟ್ಟೆ ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಕೂತಿದ್ದಳು. ಮೈಸೂರಿನಿಂದ ನಂಜನಗೂಡು ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಅಷ್ಟು ದೂರ ಡಬರಿ ಹಿಡಿದುಕೊಳ್ಳುವುದು ದೊಡ್ಡ ವಿದ್ಯೆಯಲ್ಲ. ಆದರೆ ನಮ್ಮ ಕಾರು ಬೇರೆ ಥರದ್ದು.

ಕಾರು 1978ರ ಪ್ರೀಮಿಯರ್ ಪದ್ಮಿನಿ. ಮೂಲದಲ್ಲಿ ನಮ್ಮ ಮಾವನವರದು. ಅವರು ದುಡ್ಡು ಕಟ್ಟಿ, ವರ್ಷಗಟ್ಟಲೆ ಕಾದು, ಕೊನೆಗೊಂದು ದಿನ ಕಾಗದ ಬಂದಾಗ ಸತ್ಯನಾರಾಯಣನ ಪೂಜೆ ಮಾಡಿಸಿ ತಂದ ಕಾರಂತೆ. ಹೀಗಾಗಿ ಮನೆಯಲ್ಲಿ ಅದರ ಒಡೆತನ ಗಳಿಗೆಗೊಂದು ಬಗೆ. ಚೆನ್ನಾಗಿ ಓಡಿದ ದಿನ 'ನಮ್ಮಪ್ಪನ ಕಾರು.' ಕೆಟ್ಟು ನಿಂತ ದಿನ 'ನಿಮ್ಮ ಕಾರು.' ಈಚಿನ ವರ್ಷಗಳಲ್ಲಿ ಅದು ಬಹುಪಾಲು ನನ್ನದೇ ಆಗಿಬಿಟ್ಟಿತ್ತು.

ನನಗೂ ಕಾರಿಗೂ ಒಂದು ಒಳ ಒಪ್ಪಂದವಿತ್ತು. ನಲವತ್ತೈದರ ವೇಗಕ್ಕೆ ಬರುತ್ತಿದ್ದಂತೆ ಅದರ ಮುಂದಿನ ಚಕ್ರಗಳು ನಡುಗಲು ಶುರುಮಾಡುತ್ತಿದ್ದವು. ನಡುಕ ಸ್ಟಿಯರಿಂಗಿಗೆ ಏರಿ, ಅಲ್ಲಿಂದ ನನ್ನ ಮೊಣಕೈಗೆ ಹತ್ತಿ, ಕನ್ನಡಕಕ್ಕೆ ತಲುಪುತ್ತಿತ್ತು. ಐವತ್ತೈದು ದಾಟಿತೋ, ಏನೂ ಆಗೇ ಇಲ್ಲವೆಂಬಂತೆ ಗಪ್‌ಚಿಪ್. ಹಾಗಾಗಿ ನಲವತ್ತೈದಕ್ಕೂ ಐವತ್ತೈದಕ್ಕೂ ನಡುವಿನ ಸೀಮೆ ನನಗೆ ರಾಹುಕಾಲವಿದ್ದಂತೆ. ಒಂದೋ ಅದರ ಈಚೆ ನಿಲ್ಲಬೇಕು, ಇಲ್ಲವೋ ಉಸಿರು ಬಿಗಿಹಿಡಿದು ದಾಟಿಬಿಡಬೇಕು. ಇಪ್ಪತ್ತು ವರ್ಷ ಹೀಗೇ ದಾಟಿದ್ದೆ. ಅಂದು ಕಬಿನಿ ಸೇತುವೆ ಇನ್ನೇನು ಬಂತು ಎನ್ನುವಾಗ ಮುಂದೊಬ್ಬ ಲಾರಿಯವನು ಕಬ್ಬು ಹೇರಿಕೊಂಡು, ನನ್ನನ್ನು ಸರಿಯಾಗಿ ಐವತ್ತರಲ್ಲಿ ಸಿಕ್ಕಿಸಿಬಿಟ್ಟ. ಮುಂದೆ ಹೋಗಲು ಜಾಗವಿಲ್ಲ, ನಿಧಾನ ಮಾಡೋಣವೆಂದರೆ ಹಿಂದೆ ಬಸ್ಸಿನವನ ಹಾರನ್ನು. ಒಂದು ಸಣ್ಣ ಗುಂಡಿ. ಚಕ್ರಗಳಿಗೆ ಮೈಮೇಲೆ ದೇವರು ಬಂತು. ಮುಂದಿನದನ್ನು ಆಗಲೇ ಹೇಳಿದ್ದೇನೆ. ಬಿಸಿ ಆರಿದ್ದ ಪಾಯಸವಾದ್ದರಿಂದ ನಾನು ಇಂದು ಇದನ್ನು ಬರೆಯುತ್ತಿದ್ದೇನೆ.

ಮಾರನೆಯ ದಿನ ಮೇಸ್ತ್ರಿ ಮನೆಗೇ ಬಂದರು. ಮಂಡಿ ಮೊಹಲ್ಲಾದ ಕಡೆ ಅವರದೊಂದು ಗ್ಯಾರೇಜು. ಗ್ಯಾರೇಜು ಎಂದರೆ ಒಂದು ಟಾರ್ಪಾಲು, ಒಂದು ಬೇವಿನ ಮರ. ವಯಸ್ಸು ಎಪ್ಪತ್ತರ ಮೇಲೆ. ಫಿಯಟ್ ಕಾರಿನ ಕೆಲಸ ಬಲ್ಲ ಕೊನೆಯ ತಲೆಮಾರು ತಮ್ಮದು ಎಂಬ ಗರ್ವ ಅವರಿಗುಂಟು. ಪದ್ಮಿನಿ ಎಂಬ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಅವರಿಗೆ ಅದು ಇಂದಿಗೂ ಫಿಯಟ್ಟೇ. ಅದು ತಪ್ಪೂ ಅಲ್ಲವೆನ್ನಿ. ಇಟಲಿಯ ಫಿಯಟ್ಟಿನವರು 1953ರಲ್ಲಿ ಹೊಸ 1100 ಕಾರು ತಂದರು. ದಾಂತೆ ಜಿಯಾಕೋಸ ಎಂಬ ಎಂಜಿನಿಯರ್ ಅದರ ಜನಕ. ಅದರದೇ 1100 ಡಿ ಎಂಬ ಅವತಾರ ಅಲ್ಲಿ 1962ಕ್ಕೆ ಹುಟ್ಟಿ 1966ಕ್ಕೆಲ್ಲ ಜಾಗ ಖಾಲಿ ಮಾಡಿತು. ಮುಂಬಯಿಯ ಕುರ್ಲಾದಲ್ಲಿ 1964ರಲ್ಲಿ ಶುರುವಾದ ಅದೇ ಕಾರು ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಬರುತ್ತಲೇ ಇತ್ತು. ಮೊದಲು ಡಿಲೈಟ್, ಆಮೇಲೆ ಪ್ರೆಸಿಡೆಂಟ್, ಕೊನೆಗೆ ಚಿತ್ತೋರಿನ ರಾಣಿಯ ಹೆಸರಿನಲ್ಲಿ ಪದ್ಮಿನಿ. ನಮ್ಮ ಕಡೆ ಹಿಂದೆ ಸೊಸೆ ಮನೆತುಂಬಿದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಹೊಸ ಹೆಸರು ಬರೆಸುತ್ತಿದ್ದರಲ್ಲ, ಹಾಗೆ. ಹೆಸರು ಎಷ್ಟು ಬದಲಾಯಿಸಿದರೂ ತವರಿನವರು ಹಳೆಯ ಹೆಸರಲ್ಲೇ ಕೂಗುವಂತೆ ಮೇಸ್ತ್ರಿಯೂ ಫಿಯಟ್ ಎನ್ನುತ್ತಾರೆ.

ಮೇಸ್ತ್ರಿ ಜಾಕಿ ಕೊಟ್ಟು ಎಡಗಡೆಯ ಚಕ್ರ ಎತ್ತಿದರು. ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ಚಕ್ರ ಟಕಟಕ ಎಂದಿತು. ನಮ್ಮವಳನ್ನು ಕರೆದು, "ಅಮ್ಮಾ, ಒಳಗೆ ಕೂತು ಬ್ರೇಕ್ ತುಳೀರಿ" ಎಂದರು. ತುಳಿದಳು, ಪಾಯಸದ ಕೋಪವೂ ಸೇರಿದ್ದರಿಂದ ಬಲವಾಗಿಯೇ ತುಳಿದಳು. ಮತ್ತೆ ಅಲ್ಲಾಡಿಸಿದರು. ಮತ್ತೂ ಟಕಟಕ.

"ಬ್ರೇಕ್ ತುಳಿದಾಗ ಸದ್ದು ನಿಂತಿದ್ರೆ ಬೇರಿಂಗ್ ಅನ್ನಬಹುದಾಗಿತ್ತು. ಇದು ಕಿಂಗ್ ಪಿನ್ನೇ ಮೇಷ್ಟ್ರೆ. ಬುಷ್ ಎಲ್ಲಾ ಹೋಗಿದೆ. ಟೈ ರಾಡ್ ಎಂಡೂ ಹೋಗಿದೆ. ಒಟ್ಟು ಫ್ರಂಟ್ ಸಸ್ಪೆನ್ಷನ್ನೇ ಹೋಗಿದೆ."

ನಾನು ಮೂವತ್ತು ವರ್ಷ ಸರ್ಕಾರಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವನು. ನಮ್ಮ ಲೋಕದಲ್ಲಿ ಸಸ್ಪೆನ್ಷನ್ ಹೋಯಿತು ಎಂದರೆ ಸಿಹಿ ಹಂಚುವ ಸುದ್ದಿ: ಅಮಾನತು ರದ್ದಾಯಿತು, ಪೂರ್ತಿ ಸಂಬಳ ಬರುತ್ತದೆ ಎಂದು ಅರ್ಥ. ಇಲ್ಲಿ ಸಸ್ಪೆನ್ಷನ್ ಹೋದರೆ ಸಂಬಳವೂ ಹೋಗುತ್ತದೆ ಎಂಬುದು ಪಿಂಚಣಿದಾರನಾದ ಮೇಲೆ ಕಲಿತ ಪಾಠ.

"ಎಷ್ಟು ದಿನದ ಕೆಲಸ?"

"ಮೂರು ದಿನ."

ಈ 'ಮೂರು ದಿನ' ಎಂಬುದರ ಬಗ್ಗೆ ಒಂದು ಮಾತು. ಮನೆಗೆ ಸುಣ್ಣ ಹೊಡೆಯುವವರು, ಬಡಗಿಗಳು, ರವಿಕೆ ಹೊಲಿಯುವವರು, ಕಾರಿನ ಮೇಸ್ತ್ರಿಗಳು ಎಲ್ಲರೂ ಹೇಳುವುದು ಇದನ್ನೇ. ಅದು ಸುಳ್ಳಲ್ಲ. ಕೈ ಆಡುವ ದಿನಗಳನ್ನು ಕೂಡಿದರೆ ಮೂರೇ ಆಗುತ್ತವೆ. ಅವುಗಳ ನಡುವೆ ಬರುವ ದಿನಗಳಿಗೆ ಅವರು ಜವಾಬ್ದಾರರಲ್ಲ.

ಮೂರರಲ್ಲಿ ಮೊದಲ ದಿನ ಕಾರು ನಮ್ಮ ಕಾಂಪೌಂಡಿನಲ್ಲೇ ಸೈಜುಗಲ್ಲುಗಳ ಮೇಲೆ ಏರಿ ಕೂತಿತು. ಮುಂದಿನ ಚಕ್ರಗಳೆರಡೂ ಹೊರಬಂದವು. ಹಲ್ಲಿನ ಸೆಟ್ಟು ತೆಗೆದಿಟ್ಟ ಹಿರಿಯರ ಮುಖವನ್ನು ನೋಡಬಾರದು ಎನ್ನುತ್ತಾರಲ್ಲ, ಹಾಗೆ ನನಗೂ ನೋಡಲಾಗಲಿಲ್ಲ. ಆದರೆ ಕುತೂಹಲ ಬಿಡಬೇಕಲ್ಲ. ಬಗ್ಗಿ ನೋಡಿದೆ. ಇಷ್ಟು ವರ್ಷ ಕೂತು ತಿರುಗಾಡಿದ ಕಾರಿನ ಕೆಳಗೆ ಏನಿದೆ ಎಂದು ಅದೇ ಮೊದಲು ಕಂಡದ್ದು. ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು, ಭಾರ ಹೊರಲು ದಪ್ಪನೆಯ ಸುರುಳಿ ಸ್ಪ್ರಿಂಗು, ಅದರ ಕುಣಿತಕ್ಕೆ ಕಡಿವಾಣವಾಗಿ ಶಾಕ್ ಅಬ್ಸಾರ್ಬರು. ಚಕ್ರ ಎಡಬಲ ತಿರುಗಲು ಬಾಗಿಲ ಕೀಲಿನಂತೆ ನಿಂತದ್ದು ಕಿಂಗ್ ಪಿನ್. ಹೆಸರು ರಾಜನದು, ಗಾತ್ರ ನನ್ನ ಹೆಬ್ಬೆರಳಿನದು.

ಹಿಂದೆ ನೋಡಿದರೆ ಬೇರೆಯೇ ವ್ಯವಸ್ಥೆ. ಎರಡು ಚಕ್ರಕ್ಕೂ ಸೇರಿ ಒಂದೇ ಅಡ್ಡ ಆಕ್ಸಲ್ಲು, ಅದರ ಮೇಲೆ ಎತ್ತಿನ ಗಾಡಿಯ ಕಾಲವನ್ನು ನೆನಪಿಸುವ ಕಮಾನು ಪಟ್ಟಿಗಳು. ಮೇಸ್ತ್ರಿ ವಿವರಿಸುತ್ತಿದ್ದಂತೆ ನನಗೆ ನಮ್ಮ ಅಜ್ಜನ ಮನೆಯೇ ಕಣ್ಣಿಗೆ ಕಟ್ಟಿತು. ಹಿಂದಿನ ಚಕ್ರಗಳದು ಅವಿಭಕ್ತ ಕುಟುಂಬ. ದೊಡ್ಡಪ್ಪ ಗುಂಡಿಗೆ ಬಿದ್ದರೆ ಚಿಕ್ಕಪ್ಪನೂ ವಾಲಲೇಬೇಕು. ಮುಂದಿನವು ಪಾಲಾದ ಅಣ್ಣತಮ್ಮಂದಿರು. ಒಬ್ಬನ ಗುಂಡಿ ಒಬ್ಬನಿಗೆ, ಇನ್ನೊಬ್ಬ ತನ್ನ ಪಾಡಿಗೆ ನೆಟ್ಟಗೆ. ಆದರೂ ಪೂರಾ ಬಿಟ್ಟುಹೋಗಿಲ್ಲ. ಇಬ್ಬರನ್ನೂ ಸೇರಿಸಿ ಅಡ್ಡಕ್ಕೆ ಬಾಗಿದ ಒಂದು ಕಬ್ಬಿಣದ ಸರಳು ಇದೆ, ತಿರುವಿನಲ್ಲಿ ಕಾರು ಒಂದು ಕಡೆಗೆ ತೀರಾ ವಾಲದಂತೆ ತಡೆಯುವುದು ಅದರ ಕೆಲಸ. ಬೇರೆ ಒಲೆ ಹೂಡಿದ ಮಕ್ಕಳ ನಡುವೆ ಓಡಾಡುತ್ತ, ಇಬ್ಬರ ಮನೆಯಲ್ಲೂ ಹದಿನೈದು ದಿನ ಇದ್ದು ಬರುತ್ತಿದ್ದ ನಮ್ಮಜ್ಜಿ ಅದು.

ಬಿಚ್ಚಿದ ಬೋಲ್ಟು ನಟ್ಟುಗಳನ್ನು ಮೇಸ್ತ್ರಿ ತೆಂಗಿನ ಕರಟಗಳಲ್ಲಿ ಹಾಕಿ ಸೀಮೆಎಣ್ಣೆ ಸುರಿದಿಟ್ಟರು. ಎಡಗಡೆಯವು ಎಡದ ಕರಟದಲ್ಲಿ, ಬಲಗಡೆಯವು ಬಲದಲ್ಲಿ. ಆಮೇಲೆ ಕರಿಯ ಮುದ್ದೆಯಂತಿದ್ದ ಒಂದು ಭಾಗವನ್ನು ಉಗುರಲ್ಲಿ ಕೆರೆದು, ನನ್ನ ಮುಖ ನೋಡಿದರು.

"ಮೇಷ್ಟ್ರೆ, ಇದಕ್ಕೆ ಗ್ರೀಸ್ ಹೊಡೆಸಿ ಎಷ್ಟು ವರ್ಷ ಆಯ್ತು?"

"ಪ್ರತಿ ಸರ್ವಿಸಿನಲ್ಲೂ ಹೊಡೆಸಿದ್ದೇನಲ್ಲ!"

ಸತ್ಯ ಹೊರಬಂತು. ಹನ್ನೆರಡು ವರ್ಷದ ಕೆಳಗೆ, ಕಾರಿನ ತಳ ತುಕ್ಕು ಹಿಡಿಯಬಾರದೆಂಬ ಮುತುವರ್ಜಿಯಿಂದ, ನಾನು ಅದಕ್ಕೆ ದಪ್ಪಗೆ ಟಾರಿನಂಥ ಕರಿ ಬಣ್ಣ ಬಳಿಸಿದ್ದೆ. ಬಳಿದವನು ಗ್ರೀಸ್ ನಿಪ್ಪಲ್ಲುಗಳ ಬಾಯಿಗೂ ಧಾರಾಳವಾಗಿ ಬಳಿದುಬಿಟ್ಟಿದ್ದ. ಅಂದಿನಿಂದ ಗ್ರೀಸ್ ಗನ್ನು ಬಂದು ಬಾಯಿ ತಟ್ಟುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ, ಗ್ರೀಸು ನೆಲಕ್ಕೆ ಬೀಳುತ್ತಿತ್ತು, ಬಿಲ್ಲು ಮಾತ್ರ ನನಗೆ ಬರುತ್ತಿತ್ತು. ಈಗಿನ ಕಾರುಗಳಲ್ಲಿ ಈ ತಾಪತ್ರಯವಿಲ್ಲ. ಕೀಲುಗಳಿಗೆ ಕಾರ್ಖಾನೆಯಲ್ಲೇ ಗ್ರೀಸು ತುಂಬಿ, ರಬ್ಬರಿನ ಟೋಪಿ ಹಾಕಿ, ಕಾಶಿಗೆ ಕಳಿಸಿದಂತೆ ಕಳಿಸಿಬಿಡುತ್ತಾರೆ. ಹಳೆಯವಕ್ಕೆ ಎರಡು ಮೂರು ಸಾವಿರ ಕಿಲೋಮೀಟರಿಗೊಮ್ಮೆ ಅಭ್ಯಂಜನ ಆಗಲೇಬೇಕು. ನಾನು ಕಾರಿಗೆ ಹನ್ನೆರಡು ವರ್ಷ ಏಕಾದಶಿ ಮಾಡಿಸಿದ್ದೆ.

ಸಾಮಾನು ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕಾಯಿತು. ಮೈಸೂರಿನಲ್ಲೇ ಸಿಗುತ್ತಿತ್ತೇನೋ. ಆದರೆ ಜೆ.ಸಿ. ರಸ್ತೆಯ ತುದಿಗೆ ಮಿನರ್ವ ಸರ್ಕಲ್ಲು, ಅಲ್ಲಿಂದ ನಾಲ್ಕು ಹೆಜ್ಜೆಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್. ಕಿಂಗ್ ಪಿನ್ ನೆಪದಲ್ಲಿ ರವೆ ಇಡ್ಲಿಯೂ ಆಗುತ್ತದೆ ಎಂಬ ದೂರಾಲೋಚನೆಯನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಸಂಗೀತದ ಕೃತಿಗಳನ್ನು ರಚಿಸಿದವರು. ಅವರ ಹೆಸರಿನ ಈ ರಸ್ತೆಯಲ್ಲಿ ಸೈಲೆನ್ಸರು, ರೇಡಿಯೇಟರು, ಸೀಟಿನ ಕವರು ಸಾಲುಸಾಲಾಗಿ ತೂಗುತ್ತವೆ. ಕೈಯಲ್ಲಿ ಸವೆದ ಪಿನ್ನಿನ ಅಳತೆ ಬರೆದ ಚೀಟಿ ಹಿಡಿದು ಏಳು ಅಂಗಡಿ ಹತ್ತಿ ಇಳಿದೆ. ಮೊದಲ ಆರರಲ್ಲಿ ಹುಡುಗರು ಕಂಪ್ಯೂಟರು ನೋಡಿ ತಲೆಯಾಡಿಸಿದರು. ಏಳನೆಯದರಲ್ಲಿ ಕಂಪ್ಯೂಟರೇ ಇರಲಿಲ್ಲ. ಗಲ್ಲಾದ ಮೇಲಿದ್ದ ಹಿರಿಯರು ಚೀಟಿ ನೋಡದೆಯೇ, "ಪೆಟ್ರೋಲಾ ಡೀಸೆಲ್ಲಾ?" ಎಂದರು. ಆಮೇಲೆ ಅಟ್ಟದ ಕಡೆಗೆ ಮುಖ ಎತ್ತಿ ಏನೋ ಕೂಗಿದರು. ಮೇಲಿಂದ ಧೂಳಿನ ಸಮೇತ ಒಂದು ರಟ್ಟಿನ ಪೆಟ್ಟಿಗೆ ಇಳಿಯಿತು.

"ಒರಿಜಿನಲ್ಲಾ?" ಎಂದೆ.

"ಒರಿಜಿನಲ್ ಇದೆ, ಒರಿಜಿನಲ್ ಥರದ್ದಿದೆ, ಲೋಕಲ್ ಇದೆ. ಕಾರು ಓಡಿಸೋಕಾ, ಮಾರೋಕಾ?"

ಓಡಿಸೋಕೆ ಎಂದೆ. ಅವರಿಗೆ ಸಂತೋಷವಾಗಿ ಒರಿಜಿನಲ್ಲನ್ನೇ ಕೊಟ್ಟರು. ಸಂತೋಷದ ಲೆಕ್ಕವನ್ನು ಬಿಲ್ಲಿನಲ್ಲೂ ಸೇರಿಸಿದ್ದರೆಂದು ರವೆ ಇಡ್ಲಿ ತಿನ್ನುವಾಗ ತಿಳಿಯಿತು.

ಇತ್ತ ಮೈಸೂರಿನಲ್ಲಿ ಹಳೆಯ ಪಿನ್ನು ಹೊರಬರಲು ಒಪ್ಪಿರಲಿಲ್ಲ. ಬಲಗಡೆಯದು ಸಲೀಸಾಗಿ ಬಂದಿತ್ತು. ಎಡಗಡೆಯದು, ಹನ್ನೆರಡು ವರ್ಷದ ಉಪವಾಸದಿಂದ, ತುಕ್ಕು ಹಿಡಿದು ತನ್ನ ಮನೆಗೆ ತಾನೇ ಕಚ್ಚಿಕೊಂಡಿತ್ತು. ಮೇಸ್ತ್ರಿಗೆ ಕಿವಿ ಮಂದ. ಹಾಗಾಗಿ ಫೋನಿನಲ್ಲಿ ನಾವಿಬ್ಬರೂ ಕೂಗಾಡುವುದು ವಾಡಿಕೆ. ನಾನು ಜಗಲಿಯಲ್ಲಿ ನಿಂತು ಕೂಗುತ್ತಿದ್ದೆ:

"ಕಿಂಗ್ ಪಿನ್ ಇನ್ನೂ ಬಾಯಿ ಬಿಟ್ಟಿಲ್ವಾ? ಎರಡು ದಿನದಿಂದ ಹೊಡೀತಾನೇ ಇದೀರಲ್ಲ!... ಬಿಸಿ ಮುಟ್ಟಿಸಿ ನೋಡಿ... ಆಗ್ಲಿಲ್ಲಾಂದ್ರೆ ಪ್ರೆಸ್‌ಗೆ ಕೊಟ್ಬಿಡೋಣ!"

ಪ್ರೆಸ್ ಎಂದರೆ ಲೇತ್ ಅಂಗಡಿಯಲ್ಲಿರುವ ಹೈಡ್ರಾಲಿಕ್ ಪ್ರೆಸ್ಸು. ಟನ್ನುಗಟ್ಟಲೆ ಒತ್ತಡ ಕೊಟ್ಟು ಪಿನ್ನನ್ನು ಹೊರದಬ್ಬುವ ಯಂತ್ರ. ಇದನ್ನು ಯಾರಿಗೆ ಹೇಳುವುದು? ಪಕ್ಕದ ಮನೆಯವರು ನಿವೃತ್ತ ಸಬ್ ಇನ್‌ಸ್ಪೆಕ್ಟರು. ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದವರು ಪೈಪು ಕೆಳಗಿಟ್ಟು ಕಾಂಪೌಂಡಿನ ಹತ್ತಿರ ಬಂದರು. ಪೇಪರಿನಲ್ಲಿ ಯಾವ ಹಗರಣ ಬಂದರೂ ಅದಕ್ಕೊಬ್ಬ ಕಿಂಗ್ ಪಿನ್ ಇದ್ದೇ ಇರುತ್ತಾನಲ್ಲ. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಮೇಷ್ಟ್ರೆ, ಇಂಥಾವನ್ನೆಲ್ಲ ಫೋನಲ್ಲಿ ಮಾತಾಡಬಾರ್ದು. ಅದೂ ಇಷ್ಟು ಜೋರಾಗಿ. ನಮ್ಮ ಕಾಲದಲ್ಲಿ ಪ್ರೆಸ್‌ನೋರಿಗೆ ಕೊನೇಲಿ ಹೇಳ್ತಿದ್ವಿ."

ಕಿಂಗ್ ಪಿನ್ ಕೊನೆಗೂ ಪ್ರೆಸ್ಸಿನಲ್ಲಿ ಬಾಯಿ ಬಿಟ್ಟಿತು. ಹೊರಬಂದದ್ದನ್ನು ಅಂಗೈಲಿಟ್ಟು ತೋರಿಸಿದರು. ನಡುಭಾಗ ಗಟ್ಟಿ, ಎರಡು ತುದಿಗಳಲ್ಲಿ ಮಾತ್ರ ಸವೆತ. ಅದೂ ಒಂದೇ ಮಗ್ಗುಲಿಗೆ. ಉಗುರು ಎಳೆದರೆ ಮೆಟ್ಟಿಲು ತಗಲುತ್ತಿತ್ತು. ಬಲಗಡೆಯದಕ್ಕಿಂತ ಎಡಗಡೆಯದು ಹೆಚ್ಚು ಸವೆದಿತ್ತು. "ಗುಂಡಿಗಳೆಲ್ಲ ರೋಡಿನ ಎಡಕ್ಕೇ ತಾನೆ ಇರೋದು" ಎಂದರು ಮೇಸ್ತ್ರಿ.

ಚಕ್ರ ತಿರುಗುವ ವಿಷಯ ಬಂದದ್ದಕ್ಕೆ ಇನ್ನೊಂದು ನೆನಪಾಯಿತು. ಕಾರು ತಿರುವಿನಲ್ಲಿ ಹೋಗುವಾಗ ಎರಡು ಮುಂಚಕ್ರಗಳೂ ಒಂದೇ ಸಮ ತಿರುಗುವುದಿಲ್ಲ, ಒಳಗಡೆಯದು ತುಸು ಹೆಚ್ಚು ತಿರುಗುತ್ತದೆ. ಕಣದಲ್ಲಿ ದನ ಕಟ್ಟಿ ತೆನೆ ತುಳಿಸುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಡುವೆ ಮೇಟಿಕಂಬ, ಅದರ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ತಿರುವಿದಂತೆ ಸುತ್ತಿದರೆ, ಹೊರಗಿನ ಎತ್ತು ದೊಡ್ಡ ಸುತ್ತು ಬಳಸಿ ಓಡಬೇಕು. ಎರಡಕ್ಕೂ ಒಂದೇ ಸುತ್ತು ಹಾಕಿಸುತ್ತೇನೆಂದರೆ ಯಾವುದಾದರೂ ಒಂದರ ಗೊರಸು ಎಳೆಯಲೇಬೇಕು. ತೇರಿಗೆ ಈ ಸೌಕರ್ಯವೇ ಇಲ್ಲ, ಅದಕ್ಕೇ ತಿರುವಿನಲ್ಲಿ ಗಾಲಿಯಡಿ ಮರದ ದಿಮ್ಮಿ ಕೊಟ್ಟು, ಕಿರುಗುಟ್ಟಿಸಿ, ಜೀವ ಕೈಲಿ ಹಿಡಿದು ತಿರುಗಿಸಬೇಕು. ಗಾಡಿಗೆ ಈ ಉಪಾಯವನ್ನು ಹೂಡಿದವನು ಮ್ಯೂನಿಕ್ಕಿನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ತೆಗೆದವನು ರುಡಾಲ್ಫ್ ಆಕರ್‌ಮನ್. ಇಂದು ಲೋಕವೆಲ್ಲ ಇದನ್ನು ಕರೆಯುವುದು ಆಕರ್‌ಮನ್ ಸ್ಟಿಯರಿಂಗ್ ಎಂದು. ಆಕರ್‌ಮನ್ ಹೆಸರು ಮಾಡಿದ್ದು ಯಾವ ವೃತ್ತಿಯಲ್ಲಿ ಗೊತ್ತೆ? ಪುಸ್ತಕ ಪ್ರಕಾಶನದಲ್ಲಿ. ನನ್ನ ಎರಡು ಪ್ರಬಂಧ ಸಂಕಲನಗಳು ಪ್ರಕಟವಾಗಿವೆ. ಆದ್ದರಿಂದ ಲಾಂಕೆನ್‌ಸ್ಪರ್ಗರನ ಬಗ್ಗೆ ನನಗೆ ಒಂದು ತೂಕ ಹೆಚ್ಚೇ ಮರುಕ.

ಲೇತ್ ಅಂಗಡಿಯ ಕೆಲಸ ನನಗೆ ಬಹಳ ಹಿಡಿಸಿತು. ಹೊಸ ಬುಷ್‌ಗಳನ್ನು ಒತ್ತಿ ಕೂರಿಸಿದಾಗ ಅವುಗಳ ಬಾಯಿ ತುಸು ಬಿಗಿಯಾಗಿಯೇ ಇರುತ್ತದೆ. ಅದನ್ನು ರೀಮರ್ ಎಂಬ ಹಲ್ಲುಳ್ಳ ಸಲಾಕೆಯಿಂದ ಕೊಂಚಕೊಂಚವಾಗಿ ಕೆರೆದು ಪಿನ್ನಿನ ಅಳತೆಗೆ ತರಬೇಕು. ಮೇಲಿನದೂ ಕೆಳಗಿನದೂ ಒಂದೇ ನೇರಕ್ಕೆ ಬರಬೇಕು. ಕೆರೆಯುವುದು ಕೂದಲಿನ ದಪ್ಪಕ್ಕಿಂತ ಕಡಿಮೆ. ಲೇತಿನವನು ಒಂದು ಸುತ್ತು ತಿರುವುವುದು, ಒರೆಸುವುದು, ಪಿನ್ನು ಹಾಕಿ ನೋಡುವುದು, ತೆಗೆಯುವುದು; ಮತ್ತೆ ಒಂದು ಸುತ್ತು. ವೀಣೆಯ ಬಿರಡೆ ತಿರುಗಿಸುವವರ ಮುಖದಲ್ಲೂ ಇಂಥದೇ ಏಕಾಗ್ರತೆ ಇರುತ್ತದೆ. ಮಧ್ಯೆ ನಾನು ಮಾತಾಡಿಸಿದ್ದಕ್ಕೆ ಮೇಸ್ತ್ರಿ ನನ್ನನ್ನು ಟೀ ಕುಡಿಯಲು ಕಳಿಸಿದರು.

"ಹೆಬ್ಬೆರಳಲ್ಲಿ ಒತ್ತಿದ್ರೆ ಹೋಗ್ಬೇಕು. ಬಿಟ್ರೆ ತಾನಾಗಿ ಬೀಳ್ಬಾರ್ದು. ಅದೇ ಅಳತೆ" ಎಂದರು ಆಮೇಲೆ.

"ಇನ್ನೂ ಸ್ವಲ್ಪ ಬಿಗಿ ಇಟ್ಟರೆ ಹೆಚ್ಚು ದಿನ ಬರುತ್ತದಲ್ಲವೆ?"

"ಬಿಗಿ ಮಾಡಿದ್ರೆ ತಿರುವಾದ್ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರಲ್ಲ ಮೇಷ್ಟ್ರೆ. ಗ್ರೀಸ್ ಕೂರೋಕೂ ಜಾಗ ಬೇಕಲ್ಲ. ಆಟ ಇರ್ಬೇಕು. ಕಣ್ಣಿಗೆ ಕಾಣ್ಬಾರ್ದು ಅಷ್ಟೆ."

ನಮ್ಮ ಮೆಕ್ಯಾನಿಕ್ಕುಗಳು ಸಡಿಲಕ್ಕೆ ಆಟ ಎನ್ನುವುದು ನನಗೆ ಹಿಂದಿನಿಂದಲೂ ಇಷ್ಟ. ಸ್ಟಿಯರಿಂಗಿನಲ್ಲಿ ಆಟ ಇದೆ, ಗೇರಿನಲ್ಲಿ ಆಟ ಇದೆ. ನಮ್ಮ ಕಾರಿನಲ್ಲಿ ಇದ್ದದ್ದು ಆಟವಲ್ಲ, ಜಾತ್ರೆ.

ಸ್ಪ್ರಿಂಗ್ ಕೂರಿಸುವ ದಿನ ಮಾತ್ರ ಮೇಸ್ತ್ರಿ ಯಾರನ್ನೂ ಹತ್ತಿರ ಬಿಡಲಿಲ್ಲ. ಒತ್ತಿ ಹಿಡಿದ ಸುರುಳಿ ಜಾರಿದರೆ ಆಳನ್ನು ಉಳಿಸುವುದಿಲ್ಲ. ಕೆಳತೋಳಿನಡಿ ಜಾಕಿ ಕೊಟ್ಟು, ಇಂಚಿಂಚು ಏರಿಸುತ್ತ, ಸದಾ ವಟಗುಟ್ಟುವ ಮನುಷ್ಯ ಅರ್ಧ ಗಂಟೆ ತುಟಿ ಬಿಚ್ಚಲಿಲ್ಲ. ನಮ್ಮವಳು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ಅದು ಕೂತ ಮೇಲೆ ಅವರು ಕೇಳಿದ ಮೊದಲ ಮಾತು, "ಅಮ್ಮಾ, ಕಾಫಿ ಇದೆಯಾ?"

ಇನ್ನೇನು ಮುಗಿಯಿತು ಎಂದುಕೊಂಡೆ. ಚಕ್ರ ಹಾಕಿ, ಕಾರನ್ನು ಕಲ್ಲಿನಿಂದ ಇಳಿಸಿ ನೆಲಕ್ಕೆ ನಿಲ್ಲಿಸಿಯೂ ಆಯಿತು. ಆಗ ಮೇಸ್ತ್ರಿ ಹೇಳಿದರು: "ಈಗ ನಾಲ್ಕು ಜನ ಒಳಗೆ ಕೂತ್ಕೊಳ್ಳಿ. ತೋಳಿನ ಬೋಲ್ಟ್ ಬಿಗೀಬೇಕು."

ಚಕ್ರ ನೇತಾಡುತ್ತಿದ್ದಾಗಲೇ ಬಿಗಿದರೆ, ಒಳಗಿನ ರಬ್ಬರ್ ಬುಷ್ ಆ ಭಂಗಿಯಲ್ಲೇ ಹಿಡಿದುಕೊಂಡುಬಿಡುತ್ತದಂತೆ. ಆಮೇಲೆ ಕಾರು ನೆಲಕ್ಕೆ ಬಂದು ಭಾರ ಬಿದ್ದಾಗ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಕಾರು ಸಂಸಾರವನ್ನು ಹೊತ್ತಿರುವಾಗಲೇ ಬಿಗಿಯಬೇಕು. ನಾಲ್ಕು ಜನ ಎಲ್ಲಿಂದ ತರುವುದು? ನಾನಾದೆ, ಇವಳಾದಳು. ಕಿಂಗ್ ಪಿನ್ ಪ್ರಕರಣದ ನಿಜಾಂಶ ತಿಳಿದು ಕೊಂಚ ನಿರಾಶರಾಗಿದ್ದ ಇನ್‌ಸ್ಪೆಕ್ಟರು ಉದಾರವಾಗಿ ಹಿಂದೆ ಬಂದು ಕೂತರು. ನಾಲ್ಕನೆಯವರ ಬದಲು ಇಪ್ಪತ್ತೈದು ಕಿಲೋದ ಎರಡು ಅಕ್ಕಿ ಮೂಟೆಗಳನ್ನು ಅವರ ಪಕ್ಕದಲ್ಲಿ ಕೂರಿಸಿದೆವು.

ಮೇಸ್ತ್ರಿ ರಟ್ಟಿನ ಮೇಲೆ ಮಲಗಿ ಕಾರಿನಡಿ ಮಾಯವಾದರು. ಪಾನಾದ ಸದ್ದು ಕೇಳುತ್ತಿತ್ತು. ನಾವು ಮೂವರು ಮತ್ತು ಅಕ್ಕಿ, ಎಂಜಿನ್ ಆರಿದ ಕಾರಿನಲ್ಲಿ, ನಮ್ಮದೇ ಕಾಂಪೌಂಡಿನಲ್ಲಿ, ಗೋಡೆ ನೋಡುತ್ತ ಮುಕ್ಕಾಲು ಗಂಟೆ ಕೂತೆವು. ಇವಳು ಕೋಡುಬಳೆ ಡಬ್ಬ ತಂದಿದ್ದಳು. ಪ್ರಯಾಣ ಎಂದಮೇಲೆ ಕೋಡುಬಳೆ ಬೇಡವೆ? ಸೊಪ್ಪು ಮಾರುವ ಹೆಂಗಸು ಗೇಟಿನ ಹತ್ತಿರ ಬುಟ್ಟಿ ಇಳಿಸಿ ಕೇಳಿದಳು: "ಎಲ್ಲಿಗೆ ಬುದ್ದಿ ಹೊಂಟಿದೀರಿ?"

"ಎಲ್ಲಿಗೂ ಇಲ್ಲ."

"ಯಾವಾಗ ಬತ್ತೀರಿ?"

ಇನ್‌ಸ್ಪೆಕ್ಟರು ಕೈಗಡಿಯಾರ ನೋಡಿಕೊಂಡು, "ಇನ್ನೊಂದು ಹದಿನೈದು ನಿಮಿಷ" ಎಂದರು.

ಕೊನೆಯದು ಚಕ್ರಗಳನ್ನು ನೇರ ಮಾಡುವುದು. ಈಗ ಅದಕ್ಕೆ ಲೇಸರ್ ಯಂತ್ರಗಳಿವೆ, ಟಿವಿಯಲ್ಲಿ ಅಂಕಿಗಳು ಬರುತ್ತವೆ. ಮೇಸ್ತ್ರಿ ಮಲ್ಲಿಗೆ ಕಟ್ಟುವಂಥ ದಾರ ತಂದು ಹಿಂಚಕ್ರದಿಂದ ಮುಂಚಕ್ರದವರೆಗೆ ಬಿಗಿದು, ಒಂದು ಕಣ್ಣು ಮುಚ್ಚಿ ನೋಡಿದರು. ಮುಂದಿನ ಎರಡು ಚಕ್ರಗಳ ಮೂತಿ ಒಂದಕ್ಕೊಂದು ಎರಡು ಮೂರು ಮಿಲಿಮೀಟರ್ ಒಳಕ್ಕೆ ನೋಡಬೇಕಂತೆ. ಓಡುವಾಗ ತಾವಾಗಿಯೇ ಹೊರಕ್ಕೆ ಸರಿದು ನೇರವಾಗುತ್ತವೆ. "ಆಮೇಲೆ ಬೇಕಾದ್ರೆ ಕಂಪ್ಯೂಟರ್‌ನಲ್ಲೂ ನೋಡ್ಸಿ" ಎಂದರು, ಜಾತಕ ಕೂಡಿಬಂದ ಮೇಲೂ ಹುಡುಗಿಯನ್ನು ಒಂದು ಮಾತು ಕೇಳಿ ಎನ್ನುವ ಧಾಟಿಯಲ್ಲಿ.

ಅಷ್ಟು ಹೊತ್ತಿಗೆ ಮೂರು ದಿನದ ಕೆಲಸಕ್ಕೆ ಹತ್ತಿರಹತ್ತಿರ ನಾಲ್ಕು ತಿಂಗಳಾಗಿತ್ತು. ನಡುವೆ ದಸರಾ ಬಂತು, ಲೇತಿನವನ ತಂಗಿಯ ಮದುವೆ ಬಂತು, ಮೇಸ್ತ್ರಿಗೆ ಕಣ್ಣಿನ ಪೊರೆಯ ಆಪರೇಷನ್ನು ಬಂತು. ಅವುಗಳಿಗೆ ಯಾರನ್ನು ದೂರುವುದು?

ಕಾರನ್ನು ರಿಂಗ್ ರಸ್ತೆಗೆ ತಂದೆ. ಮೇಸ್ತ್ರಿ ಪಕ್ಕದಲ್ಲಿ. ಮೂವತ್ತು, ನಲವತ್ತು. ಕಾರು ಬಲಕ್ಕೆ ಹೋಗತೊಡಗಿತು. ಹೋಗಿ ಹೋಗಿ ನಡುವಿನ ಡಿವೈಡರಿನ ದಾಸವಾಳಗಳನ್ನು ಸವರುವಂತಾಯಿತು. ನನಗೆ ಹೊಟ್ಟೆಯಲ್ಲಿ ಧಸಕ್ಕೆಂದಿತು. ಇಷ್ಟು ದುಡ್ಡು ಸುರಿದು, ಇಷ್ಟು ವರ್ಷ ಎಡಕ್ಕೆ ಎಳೆಯುತ್ತಿದ್ದ ಕಾರನ್ನು ಬಲಕ್ಕೆ ಎಳೆಯುವಂತೆ ಮಾಡಿಸಿಕೊಂಡೆನೆ?

"ಇಳೀರಿ" ಎಂದರು ಮೇಸ್ತ್ರಿ. ತಾವು ಕೂತು ಓಡಿಸಿದರು. ಕಾರು ದಾರ ಹಿಡಿದಂತೆ ನೇರ. ಒಂದು ಗಳಿಗೆ ಎರಡೂ ಕೈ ಬಿಟ್ಟು ತೋರಿಸಿದರು, ಆಗಲೂ ನೇರ. ಮತ್ತೆ ನಾನು ಕೂತೆ. ಮತ್ತೆ ಬಲಕ್ಕೆ. ಅವರು ನನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಸ್ಟಿಯರಿಂಗಿನ ಮೇಲೆ ನನ್ನ ಬಲಗೈ ಕೆಳಕ್ಕೆ ಜಗ್ಗಿ ಹಿಡಿದಿತ್ತು. ಹಾಗೆ ಹಿಡಿದಿದ್ದೇನೆಂದು ನನಗೇ ತಿಳಿದಿರಲಿಲ್ಲ. ಇಪ್ಪತ್ತು ವರ್ಷ ಎಡಕ್ಕೆ ಓಡುವ ಕಾರನ್ನು ಬಲಕ್ಕೆ ಎಳೆದು ಎಳೆದು, ಎಳೆಯುವುದೇ ನೇರ ಎಂದು ಕೈ ತೀರ್ಮಾನ ಮಾಡಿಬಿಟ್ಟಿತ್ತು.

"ಇದಕ್ಕೆ ಬುಷ್ ಜೆ.ಸಿ. ರೋಡಲ್ಲೂ ಸಿಗಲ್ಲ ಮೇಷ್ಟ್ರೆ" ಎಂದರು.

ಮನೆಗೆ ಬಂದು ಹೇಳಿದಾಗ ಇವಳು ನಕ್ಕದ್ದನ್ನು ಇಲ್ಲಿ ವರ್ಣಿಸಲಾರೆ. ಅಂದಿನಿಂದ ನಾನು ಎಲ್ಲಿ ಕಾರು ತೆಗೆದರೂ, "ರೀ, ಕೈ!" ಎಂಬ ಎಚ್ಚರಿಕೆ ಪಕ್ಕದಿಂದ ಬರುತ್ತದೆ. ಎರಡು ವಾರ ಆ ಕೈಯನ್ನು ಸಣ್ಣ ಹುಡುಗನನ್ನು ಶಾಲೆಗೆ ಕಳಿಸುವಂತೆ ಕಾವಲು ಕಾದು ಅಭ್ಯಾಸ ಮಾಡಿಸಿದೆ.

ಮೊನ್ನೆ ನಂಜನಗೂಡಿನಲ್ಲಿ ಮಗುವಿನ ನಾಮಕರಣ. ಪಾಯಸ ಮತ್ತೆ ನಮ್ಮ ಮನೆಯಿಂದಲೇ. ಈ ಸಲ ತಿರುಪಿನ ಮುಚ್ಚಳದ ಡಬ್ಬಿ. ಊರು ದಾಟಿದ ಮೇಲೆ ವೇಗ ನಲವತ್ತೈದಕ್ಕೆ ಬಂತು. ನನ್ನ ಕಾಲು ತಾನಾಗಿ ಆಕ್ಸಿಲರೇಟರನ್ನು ಒತ್ತಿತು, ರಾಹುಕಾಲ ದಾಟಿಸಿಬಿಡಲು. "ಯಾಕ್ರೀ ಇಷ್ಟು ಅವಸರ?" ಎಂದಳು. ನೆನಪಾಯಿತು. ಕಾಲು ತೆಗೆದೆ. ಮುಳ್ಳು ನಿಧಾನವಾಗಿ ಬಂದು ಐವತ್ತರಲ್ಲಿ ನಿಂತಿತು. ನಾನು ಕಾದೆ. ಏನೂ ಆಗಲಿಲ್ಲ. ಕನ್ನಡಕ ಮೂಗಿನ ಮೇಲೆ ಇದ್ದಲ್ಲೇ ಇತ್ತು. ಕಬಿನಿಯ ಸೇತುವೆಯವರೆಗೂ ಐವತ್ತರಲ್ಲೇ ಓಡಿಸಿದೆ. ಹಿಂದಿನಿಂದ ಬಂದವರೆಲ್ಲ ಹಾರನ್ನು ಹೊಡೆದು ಮುಂದೆ ಹೋದರು.

"ರೀ, ಕೈ!" ಎಂದಳು.

ನೋಡಿಕೊಂಡೆ. ನನ್ನ ಕೈ ಸರಿಯಾಗಿಯೇ ಇತ್ತು. ಅವಳ ಕಡೆ ತಿರುಗಿದೆ. ತಿರುಪು ಬಿಗಿದ ಡಬ್ಬಿಯ ಮುಚ್ಚಳವನ್ನು ಎರಡೂ ಅಂಗೈಗಳಿಂದ ಅದುಮಿ, ಸೀಟಿನ ತುದಿಗೆ ಸರಿದು, ರಸ್ತೆಯನ್ನೇ ನೋಡುತ್ತ ಕೂತಿದ್ದಳು.